ಚಟ್ಟನೂಗಾದಲ್ಲಿ ಕಾರು ಹೋದದ್ದು

ಅಟ್ಲಾಂಟಾದ ಮಗನ ಮನೆಯಿಂದ ಎರಡು ಗಂಟೆಯ ದಾರಿ. ಟೆನೆಸ್ಸಿ ನದಿಯ ದಂಡೆಯ ಊರು, ಬೆಟ್ಟವಿದೆ, ಗುಹೆಯಿದೆ ಎಂದು ಸೊಸೆ ಆಸೆ ಹುಟ್ಟಿಸಿದಳು. ಹೆಸರು ಚಟ್ಟನೂಗಾ ಎಂದದ್ದೇ ತಡ, ನನ್ನ ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟಳು. "ಚಟ್ಟ ಎಂದು ಶುರುವಾಗುವ ಊರಿಗೆ, ಅದೂ ಶನಿವಾರ?" ಆದರೆ ಪುಳಿಯೋಗರೆ ಡಬ್ಬಿಗೆ ಬಿದ್ದಮೇಲೆ ಶಕುನದ ಮಾತು ನಡೆಯುವುದಿಲ್ಲ. ಹೊರಟೆವು.

ಐದು ವರ್ಷದ ಮೊಮ್ಮಗನಿಗೆ ಬೇಕಾಗಿದ್ದು ಒಂದೇ: ಟೋಯಿಂಗ್ ಲಾರಿಗಳ ಮ್ಯೂಸಿಯಂ. ಅಂಥದ್ದೊಂದು ಆ ಊರಿನಲ್ಲಿ ನಿಜವಾಗಿಯೂ ಇದೆ. 1916ರಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಅಲ್ಲಿನ ಗ್ಯಾರೇಜಿನವನು, ಹಳ್ಳಕ್ಕೆ ಬಿದ್ದ ಕಾರೊಂದನ್ನು ಆರು ಜನರ ಕೈಯಲ್ಲಿ ಹಗ್ಗ ಹಿಡಿಸಿ ಎಳೆಸಿ ಹೈರಾಣಾಗಿ, ಕೊನೆಗೆ ಹಳೆಯ ಕ್ಯಾಡಿಲಾಕ್ ಒಂದರ ಮೇಲೆ ಕಂಬ, ರಾಟೆ, ಸರಪಳಿ ಕೂಡಿಸಿ ಟೋಯಿಂಗ್ ಗಾಡಿಯನ್ನೇ ಹುಟ್ಟಿಸಿದನಂತೆ.

"ಟಿಕೆಟ್ ಕೊಂಡು ಟೋಯಿಂಗ್ ಲಾರಿ ನೋಡುವುದೇ? ಬೆಂಗಳೂರಿನಲ್ಲಿ ಬಿಟ್ಟಿಯಾಗಿ ನೋಡಿ ಸಾಕಾಗಿದೆ" ಎಂದು ತಡೆದವನು ನಾನೇ.

ಲುಕೌಟ್ ಬೆಟ್ಟಕ್ಕೆ 1895ರಿಂದಲೂ ಹಗ್ಗ ಎಳೆಯುವ ರೈಲಿದೆ. ತುದಿಯ ಹತ್ತಿರ ಅದು ಏರುವುದಿಲ್ಲ, ಏಣಿಯಂತೆ ನಿಲ್ಲುತ್ತದೆ. ಹೆಂಡತಿ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹಿಡಿದಳು. ಅದು ಮುಗಿಯುವ ಮೊದಲೇ ಬೆಟ್ಟ ಮುಗಿಯಿತು. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಉತ್ತರ, ದಕ್ಷಿಣದ ಸೇನೆಗಳು ಇಲ್ಲಿ ಮಂಜಿನೊಳಗೇ ಕಾದಾಡಿದವಂತೆ. ನಮಗೂ ಕಂಡದ್ದು ಮಂಜೇ.

ಅದೇ ಬೆಟ್ಟದ ಹೊಟ್ಟೆಯೊಳಗೆ 145 ಅಡಿಯ ಜಲಪಾತವಿದೆ. 1928ರಲ್ಲಿ ಅದನ್ನು ಕಂಡ ಲಿಯೋ ಲ್ಯಾಂಬರ್ಟ್ ಹೆಂಡತಿಯ ಹೆಸರಿಟ್ಟ, ರೂಬಿ ಫಾಲ್ಸ್ ಎಂದು. ಗೈಡ್ ಇದನ್ನು ಹೇಳಬಾರದಿತ್ತು. "ನೋಡಿದಿರಾ? ನೀವು ಕಟ್ಟಿಸಿದ ಮನೆಗೆ ಮಾತೃಕೃಪಾ ಎಂದು ಬೋರ್ಡು." ಲಿಫ್ಟಿನಲ್ಲಿ ಮೇಲೆ ಬರುವವರೆಗೂ ನಾನು ತಲೆಯೆತ್ತಲಿಲ್ಲ.

ಮಧ್ಯಾಹ್ನ ಊರೊಳಗೆ ಬಂದೆವು. ಮಗ ದುಡ್ಡು ಕೊಡುವ ಪಾರ್ಕಿಂಗ್ ಹುಡುಕುತ್ತಿದ್ದ. ಬಾಗಿಲು ಹಾಕಿದ ಅಂಗಡಿಯೊಂದರ ಹಿಂದೆ ಖಾಲಿ ಜಾಗ ತೋರಿಸಿ, "ಇಲ್ಲಿ ಕೇಳುವವರಾರಪ್ಪಾ?" ಎಂದೆ. ಬೋರ್ಡು ಇತ್ತು. ದಪ್ಪ ಅಕ್ಷರದ ಪಾರ್ಕಿಂಗ್ ಎಂಬ ಪದವನ್ನು ಓದಿಯೂ ಹೇಳಿದೆ. ಅದರ ಕೆಳಗಿನ ಸಣ್ಣಕ್ಷರಕ್ಕೆ ಬೇಕಾದ ಕನ್ನಡಕ ಹೆಂಡತಿಯ ಚೀಲದ ತಳದಲ್ಲಿತ್ತು.

1891ರ ವಾಲ್ನಟ್ ಸ್ಟ್ರೀಟ್ ಸೇತುವೆಯ ಮೇಲೆ ಈಗ ನಡೆಯುವವರಿಗೆ ಮಾತ್ರ ಜಾಗ. ಅತ್ತಿಂದಿತ್ತ ಓಡಾಡಿ, ಹಸಿದು ಬಂದರೆ ಕಾರಿಲ್ಲ. ನಿಲ್ಲಿಸಿದ್ದ ಜಾಗದಲ್ಲಿ ಮೊಮ್ಮಗ ಎಸೆದಿದ್ದ ಬಾಳೆಹಣ್ಣಿನ ಸಿಪ್ಪೆ ಮಾತ್ರ ಹಾಗೆಯೇ ಬಿದ್ದಿತ್ತು.

"ಅಯ್ಯೋ, ಪುಳಿಯೋಗರೆ!" ಎಂದಳು ಹೆಂಡತಿ. ಮಗ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಟ್ಯಾಕ್ಸಿ ಹಿಡಿದು ಊರಾಚೆಯ ಅಂಗಳಕ್ಕೆ ಹೋದೆವು. ಕೆಂಪು ಲಾರಿಯ ಕೊಕ್ಕೆ ಇನ್ನೂ ನಮ್ಮ ಕಾರಿಗೆ ಸಿಕ್ಕಿಕೊಂಡೇ ಇತ್ತು. ಮಗ ಕಿಟಕಿಯಲ್ಲಿ ಕಾರ್ಡು ಉಜ್ಜುವಷ್ಟರಲ್ಲಿ, ಮೊಮ್ಮಗ ಡ್ರೈವರನನ್ನು ಕಾಡಿ ಬೇಡಿ ಲಾರಿಯ ಸೀಟಿನಲ್ಲಿ ಕೂತು ಹಾರನ್ ಒತ್ತುತ್ತಿದ್ದ. ಹೆಂಡತಿ ಕಾರಿನಿಂದ ಡಬ್ಬಿ ತೆಗೆದು, ಕಾಗದದ ತಟ್ಟೆಯಲ್ಲಿ ಮೊದಲು ಬಡಿಸಿದ್ದು ಆ ಡ್ರೈವರನಿಗೆ. ಅವನು ಕಡಲೆಕಾಯಿ ಬೀಜಗಳನ್ನೆಲ್ಲ ಆರಿಸಿ ತಿಂದು, ಅನ್ನವನ್ನು ಹುಬ್ಬೇರಿಸಿಕೊಂಡು ಮುಗಿಸಿ, ಇನ್ನಷ್ಟು ಹಾಕಿಸಿಕೊಂಡ.

ದಂಡದಲ್ಲಿ ಒಂದು ಡಾಲರೂ ಬಿಡಲಿಲ್ಲ.