ಕಿಂಗ್ಡಾ ಕಾ ಲೇಖನ: ರೋಲ್‌ಬ್ಯಾಕ್ ವಿವರ ಬೇಕು

ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಕಿಂಗ್ಡಾ ಕಾ ರೋಲರ್ ಕೋಸ್ಟರ್ (ಹಳಿಯ ಮೇಲೆ ಏರಿಳಿಯುವ ಮೋಜಿನ ಬಂಡಿ) ಕುರಿತ ಈ ವಿಶ್ವಕೋಶ ಲೇಖನದಲ್ಲಿ 139 ಮೀಟರ್ ಎತ್ತರ, ಗಂಟೆಗೆ 206 ಕಿ.ಮೀ. ವೇಗ ಸರಿಯಾಗಿವೆ. ‘ಈಗಲೂ ಓಡುತ್ತಿದೆ’ ಎಂಬುದು ತಪ್ಪು. 2024ರಲ್ಲೇ ನಿಂತಿತು, 2025ರ ಫೆಬ್ರವರಿಯಲ್ಲಿ ಸ್ಫೋಟಿಸಿ ಕೆಡವಿದರು.

ದೊಡ್ಡ ಕೊರತೆಯೆಂದರೆ ರೋಲ್‌ಬ್ಯಾಕ್ (ಬಂಡಿ ಹಿಂದಕ್ಕೆ ಜಾರುವುದು) ಬಗ್ಗೆ ಒಂದೇ ಸಾಲು. ಎದುರುಗಾಳಿಗೆ ವೇಗ ತುಸು ತಗ್ಗಿದರೂ ಸಾಕು, ಬಂಡಿ ನೆತ್ತಿ ದಾಟದೆ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೆಂದೇ ಬಂಡಿ ಮುಂದೆ ಹೋದೊಡನೆ ಹಳಿಯಲ್ಲಿ ತಡೆಫಲಕಗಳು ಮೇಲೇಳುತ್ತಿದ್ದವು. ಫಲಕದ ಲೋಹವೂ ಬಂಡಿಯ ಆಯಸ್ಕಾಂತವೂ ಮುಟ್ಟಿಕೊಳ್ಳದೆ ಹಾಯುವಾಗ ಹುಟ್ಟುವ ಸುಳಿವಿದ್ಯುತ್ತೇ (ಲೋಹದೊಳಗೆ ಸುಳಿಯಾಗಿ ಸುತ್ತುವ ವಿದ್ಯುತ್ತು) ಬಂಡಿಯನ್ನು ಹಿಡಿಯುತ್ತಿತ್ತು. ಕರೆಂಟ್ ಹೋದರೂ ಈ ಬ್ರೇಕ್ ಸೋಲುತ್ತಿರಲಿಲ್ಲ.

ರೈಲುಮಾರ್ಗವೇ ಇಲ್ಲದ ನಮ್ಮ ಕೊಡಗಿನ ಮಕ್ಕಳಿಗೆ ಹಳಿ ಎಂದರೆ ಮಡಿಕೇರಿಯ ರಾಜಾಸೀಟ್ ಹತ್ತಿರದ ಪುಟಾಣಿ ರೈಲು. ಅವರಿಗೂ ತಿಳಿಯುವಂತೆ ದಯವಿಟ್ಟು ಈ ಬ್ರೇಕಿನದೊಂದು ಚಿತ್ರ ಸೇರಿಸಿ.