ಹನ್ನೆರಡು ತಟ್ಟೆ, ಹನ್ನೆರಡು ತುತ್ತು, ಪ್ಲಸ್ ಪ್ಲಸ್

ಬೆಂಗಳೂರಿನಲ್ಲಿ ಟೇಸ್ಟಿಂಗ್ ಮೆನು, ಅಂದರೆ ಶೆಫ್ ಆರಿಸಿದ ಪುಟ್ಟ ಪುಟ್ಟ ತಿನಿಸು ಒಂದಾದ ಮೇಲೊಂದು ಕೋರ್ಸಾಗಿ ಬರುವ ಊಟ, ಇರುವ ಹೋಟೆಲಿಗೆ ಹೋಗಿ ಬಂದವರಲ್ಲಿ ಎರಡು ಜಾತಿ. ಒಬ್ಬರು ‘ಜೀವಮಾನದ ಅನುಭವ’ ಎಂದು ಐದು ನಕ್ಷತ್ರ ಒತ್ತುತ್ತಾರೆ. ಇನ್ನೊಬ್ಬರು ‘ಊಟ ಯಾವಾಗ ಶುರುವಾಗುತ್ತೆ ಅಂತ ಕಾಯ್ತಾ ಇದ್ವಿ, ಬಿಲ್ ಬಂತು’ ಎಂದು ಒಂದೇ ನಕ್ಷತ್ರಕ್ಕೆ ನಿಲ್ಲಿಸುತ್ತಾರೆ. ವಿಶೇಷವೆಂದರೆ ಇಬ್ಬರೂ ಅದೇ ರಾತ್ರಿ ಅಕ್ಕಪಕ್ಕದ ಮೇಜಿಗೆ ಕೂತವರು. ಜನ ಇದನ್ನು ರುಚಿಭೇದ ಎನ್ನುತ್ತಾರೆ. ಅಡುಗೆಮನೆಯ ಗಡಿಯಾರ ಬಲ್ಲವರು ಕುರ್ಚಿಭೇದ ಎನ್ನುತ್ತಾರೆ.

ಲೆಕ್ಕ ಹೀಗಿದೆ. ಚಿಮುಟದಲ್ಲಿ ಮೂರು ಎಳೆ ಸೊಪ್ಪು ನಿಲ್ಲಿಸಿ, ಒಂದು ಹೂವಿನ ಎಸಳು ಒರಗಿಸಿ, ಕೊನೆಗೆ ಅರ್ಧ ಚಮಚ ನೊರೆ ಕೂರಿಸಲು ತಟ್ಟೆಗೆ 40 ಸೆಕೆಂಡ್ ಎಂದಿಟ್ಟುಕೊಳ್ಳಿ. ಇಬ್ಬರ ಮೇಜಾದರೆ ಸರಿ. ಎಂಟು ಜನರ ಮೇಜಿಗೆ ಒಬ್ಬನೇ ಜೋಡಿಸುತ್ತಿದ್ದರೆ 320 ಸೆಕೆಂಡ್, ಅಂದರೆ ಐದು ನಿಮಿಷ ದಾಟಿತು. ಎಂಟೂ ತಟ್ಟೆ ಒಂದೇ ಗಳಿಗೆಯಲ್ಲಿ ಮೇಜಿಗಿಳಿಯಬೇಕೆಂಬುದು ಈ ಮನೆಗಳ ಮಡಿ. ಹಾಗಾಗಿ ಮೊದಲ ತಟ್ಟೆ ಕೊನೆಯ ತಟ್ಟೆಗಾಗಿ ಕಾಯುತ್ತಾ ಆರುತ್ತದೆ. ಇಳಿದ ಮೇಲೂ ಮುಟ್ಟುವಂತಿಲ್ಲ. ಕೈಕಟ್ಟಿ ನಿಂತ ಹುಡುಗ ಆ ಸೊಪ್ಪಿನ ವಂಶಾವಳಿ, ಹೊಲದ ಎತ್ತರ, ಶೆಫ್ ಬಾಲ್ಯದ ಮಳೆಗಾಲ ಎಲ್ಲ ಹೇಳಿ ಮುಗಿಸಬೇಕು. ಆಮೇಲೆ ಮೇಜಿನವರೇ ಫೋಟೋಗೆ ಎರಡು ನಿಮಿಷ ತೆಗೆದುಕೊಳ್ಳುತ್ತಾರೆ.

ನೊರೆಗೆ ಇಷ್ಟು ಆಯಸ್ಸಿಲ್ಲ. ಸೋಸಿದ ಬೇಳೆಸಾರು ಒಂದು ಲೀಟರಿಗೆ ನೊರೆ ಹಿಡಿದಿಡುವ ಪುಡಿ ಸೋಯಾ ಲೆಸಿಥಿನ್ 5 ಗ್ರಾಂ ಹಾಕಿ, ಹ್ಯಾಂಡ್ ಬ್ಲೆಂಡರನ್ನು ಪೂರ್ತಿ ಮುಳುಗಿಸದೆ ಓರೆಯಾಗಿ ಹಿಡಿದು ಗಾಳಿ ತುಂಬಬೇಕು. ಒಂದು ನಿಮಿಷ ಬಿಟ್ಟರೆ ನೀರು ಕೆಳಗಿಳಿದು ನೊರೆ ಮೇಲುಳಿಯುತ್ತದೆ, ಅದನ್ನು ಚಮಚದಲ್ಲಿ ಎತ್ತಬೇಕು. ಎಣ್ಣೆ ತಾಗಿದರೆ ನೊರೆ ಕುಸಿಯುತ್ತದೆ, ಆದ್ದರಿಂದ ಒಗ್ಗರಣೆ ಇಲ್ಲ. ಒಗ್ಗರಣೆಯಿಲ್ಲದ ಬೇಳೆಸಾರನ್ನು ಮನೆಯಲ್ಲಿ ಬಡಿಸಿದರೆ ಯಾರಿಗೆ ಜ್ವರ ಎಂದು ಕೇಳುತ್ತಾರೆ. ಇಲ್ಲಿ ಅದು ನಾಲ್ಕನೆಯ ಕೋರ್ಸ್. ಕೆಲವು ಕಡೆ ಒಗ್ಗರಣೆಯನ್ನು ಇಂಕ್ ಫಿಲ್ಲರಿನಲ್ಲಿ ಪಕ್ಕಕ್ಕೆ ಕೊಟ್ಟು ‘ನೀವೇ ಹಿಂಡಿಕೊಳ್ಳಿ’ ಎನ್ನುತ್ತಾರೆ. ಗಿರಾಕಿ ಹಿಂಡುತ್ತಾನೆ, ನೊರೆ ಅವನ ಕಣ್ಣೆದುರೇ ಕೂರುತ್ತದೆ, ತಟ್ಟೆಯ ತಳದಲ್ಲಿ ಎರಡು ಹನಿ ಸಾರು ಕಾಣುತ್ತದೆ. ಇಡೀ ರಾತ್ರಿಯಲ್ಲಿ ಸಾರಿನಂತೆ ರುಚಿಸುವುದು ಆ ಎರಡು ಹನಿ ಮಾತ್ರ.

ಇನ್ನು ‘ಸಾರಿನ ಮುತ್ತು’. ಲೀಟರ್ ಸಾರಿಗೆ 5 ಗ್ರಾಂ ಸೋಡಿಯಂ ಆಲ್ಜಿನೇಟ್ (ಕಡಲಕಳೆಯಿಂದ ತೆಗೆದ ಪುಡಿ) ಬೆರೆಸಿ, ಗಾಳಿಗುಳ್ಳೆ ಹೋಗಲು ಗಂಟೆಗಟ್ಟಲೆ ಇಟ್ಟು, ಕ್ಯಾಲ್ಸಿಯಂ ಕರಗಿಸಿದ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಹೊರಗೆ ತೆಳು ಪೊರೆ ಕಟ್ಟಿ ಒಳಗೆ ಸಾರು ಸಾರಾಗಿಯೇ ಉಳಿಯುತ್ತದೆ. ಸ್ಪೇನಿನ ಫೆರಾನ್ ಅಡ್ರಿಯಾ ತಮ್ಮ ಎಲ್ ಬುಲ್ಲಿ ಅಡುಗೆಮನೆಯಲ್ಲಿ 2003ರ ಸುಮಾರಿಗೆ ಪ್ರಸಿದ್ಧಗೊಳಿಸಿದ ವಿದ್ಯೆ ಇದು. ಆ ಹೋಟೆಲು 2011ರಲ್ಲೇ ಬಾಗಿಲು ಹಾಕಿತು. ನಮ್ಮಲ್ಲಿ ಅದು ಈಗಲೂ ‘ಹೊಸತು’. ತೊಡಕು ಹುಣಸೆಹಣ್ಣಿನದು: ಹುಳಿ ಹೆಚ್ಚಾದರೆ ಆಲ್ಜಿನೇಟ್ ಮುತ್ತಾಗುವುದಿಲ್ಲ, ಲೋಳೆಯಾಗುತ್ತದೆ. ಅದಕ್ಕೆ ಸೋಡಿಯಂ ಸಿಟ್ರೇಟ್ ಹಾಕಿ ಹುಳಿ ತಗ್ಗಿಸುತ್ತಾರೆ. ಮುತ್ತು ಬಂತು, ಸಾರು ಹೋಯಿತು. ಮಜ್ಜಿಗೆಯ ಕಥೆಯೇ ಬೇರೆ. ಅದರಲ್ಲೇ ಕ್ಯಾಲ್ಸಿಯಂ ಇರುವುದರಿಂದ ಆಲ್ಜಿನೇಟ್ ಹಾಕಿದೊಡನೆ ಮಿಕ್ಸಿಯ ಜಾರಿನಲ್ಲೇ ಗಟ್ಟಿಯಾಗುತ್ತದೆ. ಅಲ್ಲಿ ತಿರುವುಮುರುವು ಮಾಡಬೇಕು, ಆಲ್ಜಿನೇಟ್ ನೀರಿಗೆ ಮಜ್ಜಿಗೆ ಬಿಡಬೇಕು.

ಸಾರಿನ ಮುತ್ತು ನೀರಿನಿಂದ ತೆಗೆದ ಮೇಲೂ ಒಳಗೊಳಗೇ ಗಟ್ಟಿಯಾಗುತ್ತಾ ಹೋಗುತ್ತದೆ, ಕೆಲವು ನಿಮಿಷದೊಳಗೆ ಬಾಯಿಗೆ ಬೀಳಬೇಕು. ಈಗ ಮೇಜಿನಲ್ಲಿ ಒಬ್ಬರು ಬಾತ್‌ರೂಮಿಗೆ ಎದ್ದರೆಂದುಕೊಳ್ಳಿ. ಅವರು ಮರಳುವವರೆಗೆ ಇಡೀ ಮೇಜಿನ ಕೋರ್ಸ್ ತಡೆಹಿಡಿಯುವುದು ಪದ್ಧತಿ. ಸಕ್ಕರೆ ಕಾಯಿಲೆಯ ಹಿರಿಯರು ಇಬ್ಬರಿದ್ದರೆ ಉಳಿದ ಆರು ಜನಕ್ಕೂ ಮುತ್ತಿನ ಬದಲು ಗೋಲಿ ಬರುತ್ತದೆ. ಪಕ್ಕದ ಮೇಜಿನ ಯುವಜೋಡಿಗೆ ಅದೇ ಮುತ್ತು ನಾಲಿಗೆಯ ಮೇಲೆ ಪಟ್ಟನೆ ಒಡೆದಿರುತ್ತದೆ. ಅವರು ಐದು ನಕ್ಷತ್ರ ಕೊಡದೆ ಇನ್ನೇನು ಮಾಡಿಯಾರು?

ಎಂಟನೆಯ ಕೋರ್ಸಿಗೆ ಮುದ್ದೆ ಬರುತ್ತದೆ. ಮುದ್ದೆಗೊಂದು ಭೌತಶಾಸ್ತ್ರವಿದೆ. ಒಂದು ಲೋಟ ಹಿಟ್ಟಿಗೆ ಎರಡರಿಂದ ಎರಡೂವರೆ ಲೋಟ ನೀರು. ಕುದಿ ಬಂದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಕೈಯಾಡಿಸದೆ ಬೇಯಲು ಬಿಟ್ಟು, ಆಮೇಲೆ ಗಂಟಿಲ್ಲದಂತೆ ತೊಳಸಿ, ಒದ್ದೆಗೈಯಲ್ಲಿ ಬಿಸಿಬಿಸಿಯಾಗಿ ಕಟ್ಟಬೇಕು. ಉಂಡೆ ದಪ್ಪಗಿರುವುದು ಹೊಟ್ಟೆಬಾಕರಿಗಾಗಿ ಅಂದುಕೊಳ್ಳಬೇಡಿ. ದಪ್ಪಗಿದ್ದರೆ ಒಳಗಿನ ಶಾಖ ಕೊನೆಯ ತುತ್ತಿನವರೆಗೂ ಉಳಿಯುತ್ತದೆ. ಅದನ್ನು 15 ಗ್ರಾಮಿಗೆ, ನೆಲ್ಲಿಕಾಯಿ ಗಾತ್ರಕ್ಕೆ ಇಳಿಸಿ, ನಮ್ಮ ಅಡುಗೆಕಟ್ಟೆಯ ಕಡಪ ಕಲ್ಲಿಗೆ ತಮ್ಮನಂತಿರುವ ಕಪ್ಪು ಹಲಗೆಯ ಮೇಲಿಟ್ಟರೆ, ಕಲ್ಲು ಅದರ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಮೈ ಒಣಗಿ ಸಿಪ್ಪೆ ಕಟ್ಟುತ್ತದೆ. ಪಕ್ಕದಲ್ಲಿ ಬಸ್ಸಾರನ್ನು ಬ್ರಷ್ಷಿನಿಂದ ಒಂದು ಗೀಟು ಎಳೆದಿರುತ್ತಾರೆ. ಮುದ್ದೆ ಗಂಟಲಲ್ಲಿ ಇಳಿಯಬೇಕಾದರೆ ಸಾರಿನಲ್ಲಿ ಅದ್ದಬೇಕು. ಗೀಟಿನಲ್ಲಿ ಅದ್ದುವ ವಿದ್ಯೆ ಮಂಡ್ಯದಲ್ಲೂ ಯಾರಿಗೂ ಬರುವುದಿಲ್ಲ.

ಮಾವನವರನ್ನು ಕರೆದುಕೊಂಡು ಹೋಗಿದ್ದರೆ ಇಲ್ಲಿ ಎಚ್ಚರ ಬೇಕು.

“ತಮ್ಮಾ, ಒಂದ್ ಸೌಟು ಸಾರು ಹಾಕಪ್ಪಾ.”

“ಸರ್, ಶೆಫ್ ಅದನ್ನ ರೆಕಮೆಂಡ್ ಮಾಡಲ್ಲ.”

“ಅವ್ರನ್ನ ಯಾಕ್ ಕೇಳ್ತೀಯ, ಉಣ್ಣೋನು ನಾನಲ್ವಾ?”

ಇದಕ್ಕೆ ಉತ್ತರವನ್ನು ಟ್ರೇನಿಂಗಿನಲ್ಲಿ ಕಲಿಸಿರುವುದಿಲ್ಲ. ಹುಡುಗ ನಕ್ಕು ನೀರು ತುಂಬಿಸುತ್ತಾನೆ, ಆ ನೀರಿಗೂ ಬಿಲ್ ಇದೆ.

ಹೊಗೆ ಬಂದರೆ ಚಪ್ಪಾಳೆಗೆ ಮೊದಲು ಒಂದು ಪ್ರಶ್ನೆ ಕೇಳಿ: ಕಟ್ಟಿಗೆಯದೋ, ಮಂಜಿನದೋ? ಗಾಜಿನ ಗುಮ್ಮಟದೊಳಗಿನ ಕಟ್ಟಿಗೆ ಹೊಗೆ ಕಣ್ಣು ಉರಿಸುತ್ತದೆ ಅಷ್ಟೇ. ಮಂಜು ಏಳುವುದು ಡ್ರೈ ಐಸಿನಿಂದಲೋ ದ್ರವ ಸಾರಜನಕದಿಂದಲೋ. ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ದ್ರವ ಸಾರಜನಕ ಮೈನಸ್ 196. ಪೂರ್ತಿ ಆವಿಯಾಗುವ ಮೊದಲು ಬಾಯಿಗೆ ಹೋದರೆ ಆಸ್ಪತ್ರೆಯೇ ಗತಿ. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಡ್ರೈ ಐಸ್ ಬಾಯಿಗೆ ಹಾಕಿಕೊಂಡ ಐವರು ರಕ್ತ ಕಾರಿದ್ದರು. ಅದೇ ವರ್ಷ ತಿನಿಸಿನೊಂದಿಗೆ ದ್ರವ ಸಾರಜನಕ ಕೊಡುವುದನ್ನು ನಮ್ಮ ರಾಜ್ಯವೂ ನಿಷೇಧಿಸಿತು. ವಿಡಿಯೋ ಚೆನ್ನಾಗಿ ಬರುತ್ತದೆ ಎಂಬುದು ಬಿಟ್ಟರೆ ಈ ಮಂಜಿನ ಹೊಗೆಗೆ ರುಚಿಯೂ ಇಲ್ಲ.

ಬಿಲ್ಲಿಗೆ ಬರೋಣ, ನಿಜವಾದ ಕೈಚಳಕ ಇರುವುದು ಅಲ್ಲಿ. ಮೆನುವಿನಲ್ಲಿ ತಲೆಗೆ 4,500, ಮುಂದೆ ಎರಡು ಕೂಡಿಸುವ ಚಿಹ್ನೆ: ಒಂದು ಸೇವಾ ಶುಲ್ಕಕ್ಕೆ, ಒಂದು ತೆರಿಗೆಗೆ. ಇಬ್ಬರಿಗೆ 9,000. ಗಾಜಿನ ಬಾಟಲಿ ನೀರು 450ರಂತೆ ಎರಡು, 900. ಎಂಆರ್‌ಪಿ ಎಂದು ಜಗಳಕ್ಕೆ ಇಳಿಯಬೇಡಿ, ಹೋಟೆಲಿನೊಳಗೆ ಅದಕ್ಕಿಂತ ಹೆಚ್ಚಿಗೆ ಮಾರಬಹುದೆಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ‘ಸಾದಾ ನೀರು ಕೊಡಿ’ ಎಂದು ಮೊದಲೇ ಹೇಳುವುದೊಂದೇ ದಾರಿ. 9,900ಕ್ಕೆ ಸೇವಾ ಶುಲ್ಕ 10%, ಅಂದರೆ 990. ಒಟ್ಟು 10,890ರ ಮೇಲೆ ಜಿಎಸ್‌ಟಿ 5%, 544.50. ಕೊನೆಗೆ 11,434.50. ಇದೇ ಊಟ ದಿನಬಾಡಿಗೆ 7,500 ರೂಪಾಯಿ ದಾಟಿದ ಕೋಣೆಗಳಿರುವ ಹೋಟೆಲಿನೊಳಗಾದರೆ ಜಿಎಸ್‌ಟಿ 18%, ಆಗ 12,850.20. ಯಾರೋ ಮಹಡಿಯಲ್ಲಿ ಮಲಗಿದ್ದಕ್ಕೆ ಕೆಳಗೆ ಉಂಡವರು ತೆರಿಗೆ ಕಟ್ಟಬೇಕು. ಕಂಪನಿ ಕಾರ್ಡ್ ಉಜ್ಜುವವರಿಗೆ ಇದೆಲ್ಲ ಕಾಣುವುದಿಲ್ಲ, ಅವರ ನಕ್ಷತ್ರಗಳೂ ಹಾಗೆಯೇ ಧಾರಾಳ.

ಸ್ವಂತ ಜೇಬಿನವರಿಗೆ ಒಂದು ದಾರಿಯಿದೆ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಅದನ್ನು ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಹೋಟೆಲಿನವರು ಮೇಲ್ಮನವಿಗೆ ಹೋಗಿದ್ದಾರೆ. ತೆಗೆಯಿರಿ ಎಂದರೆ ಮ್ಯಾನೇಜರ್ ತಗ್ಗಿದ ದನಿಯಲ್ಲಿ ‘ಹುಡುಗರಿಗೆ ಹೋಗುತ್ತೆ ಸರ್’ ಎನ್ನುತ್ತಾರೆ. ಹುಡುಗರಿಗೆ ಕೊಡುವುದಿದ್ದರೆ ಕೈಯಲ್ಲೇ ಕೊಡಿ. ಬಿಲ್ 10,395ಕ್ಕೆ ಇಳಿಯಬೇಕು. ಕಾಲು ಗಂಟೆಯ ನಂತರ ಬರುವ ಹೊಸ ಬಿಲ್ಲಿನಲ್ಲಿ ‘ಸಿಬ್ಬಂದಿ ಕೊಡುಗೆ 10%’ ಎಂದಿದ್ದರೆ ಮತ್ತೆ ವಾಪಸ್ ಕಳಿಸಿ.

ಆಗಲೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಫೋನ್ ಎತ್ತುವುದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಇಲ್ಲಿ ಮೊದಲ ತಟ್ಟೆ ಬರುವುದೇ ಎಂಟೂಕಾಲಕ್ಕೆ. ಹಾಗಾಗಿ ಬಿಲ್ಲನ್ನು ಬೆಳಗಿನವರೆಗೆ ಜೋಪಾನ ಮಾಡಿ. ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಮುದ್ದೆಯ ಪಕ್ಕ ಇಟ್ಟರೆ ಏನೂ ಆಗುವುದಿಲ್ಲ.