ಅಂಧೇರಿಯಲ್ಲೇ ಕೂತು ನೆದರ್‌ಲ್ಯಾಂಡ್ಸಿಗೆ ಹೋದ ಅಮ್ಮ

ವರ್ಸೋವಾ ಅಂದ್ರೆ ಮುಂಬಯಿಯವರಿಗೆ ನೆನಪಾಗುದು ಮೀನು ಮತ್ತೆ ಸೀರಿಯಲ್ಲಿನವರು. ಆದ್ರೆ ಸಮುದ್ರದ ಅಡಿಯಿಂದ ಬರುವ ಇಂಟರ್ನೆಟ್ ಕೇಬಲುಗಳು ದಡ ಹತ್ತುದೂ ಅಲ್ಲೇ ಮಾರಾಯ್ರೆ. ಎಎಇ-1 ಅಂತ ಒಂದುಂಟು, 2017ರಲ್ಲಿ ಶುರುವಾದದ್ದು, ಹಾಂಗ್‌ಕಾಂಗ್ ಕಡೆಯಿಂದ ಫ್ರಾನ್ಸಿನ ಮಾರ್ಸೇ ತನಕ ಸುಮಾರು 25,000 ಕಿಲೋಮೀಟರ್, ದಾರಿಯಲ್ಲಿ ಮುಂಬಯಿಗೂ ಮುಖ ತೋರಿಸಿ ಹೋಗ್ತದೆ. ನಮ್ಮ ಮನೆ ಅಂಧೇರಿ ವೆಸ್ಟಲ್ಲಿ, ವರ್ಸೋವಾದಿಂದ ಆಟೋದಲ್ಲಿ ಬಂದ್ರೆ ಮೀಟರು ಸರಿಯಾಗಿ ಓಡ್ಲಿಕ್ಕೆ ಶುರುವಾಗುವ ಮೊದ್ಲೇ ಇಳಿಬೇಕು. ಅಂದ್ರೆ ಲೆಕ್ಕದಲ್ಲಿ ನಮಗೆ ಸಿಗುವ ನೆಟ್ಟು ದೇಶದಲ್ಲೇ ಮೊದಲ ಬಿಸಿಬಿಸಿ ನೆಟ್ಟು ಆಗ್ಬೇಕಿತ್ತು. ಆದ್ರೆ ಮನೆಗೆ ಹೊಸ ಫೈಬರ್ ನೆಟ್ಟು, ಅಂದ್ರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ನೆಟ್ಟು, ಹಾಕ್ಸುವಾಗ ಆದದ್ದು ಎಂತ ಅಂದ್ರೆ, ಅಷ್ಟು ಸಮುದ್ರ ದಾಟಿ ಬಂದ ಬೆಳಕು ನಮ್ಮ ಬಿಲ್ಡಿಂಗಿನ ಗೇಟಿನ ಹೊರಗೆ ನಿಂತಿತು, ಯಾಕಂದ್ರೆ ಸೊಸೈಟಿ ಸೆಕ್ರೆಟರಿ ಗಣಪತಿಗೆ ಅಂತ ರತ್ನಾಗಿರಿಗೆ ಹೋಗಿದ್ರು, ಎನ್‌ಒಸಿ ಅನ್ನುವ ಒಪ್ಪಿಗೆ ಪತ್ರಕ್ಕೆ ಅವರ ಸಹಿ ಇಲ್ಲದೆ ವಯರು ಹೋಗುವ ಡಕ್ಟಿನ ಬೀಗ ತೆಗಿಯುದಿಲ್ಲ, ಚೇರ್ಮನ್ನರನ್ನು ಕೇಳಿದ್ರೆ "ಸೆಕ್ರೆಟರಿ ಸೇ ಪೂಛೋ" ಅಂತಾರೆ, ಸೆಕ್ರೆಟರಿಗೆ ಫೋನ್ ಮಾಡಿದ್ರೆ ಅವರ ಕೊಂಕಣದ ಊರಲ್ಲಿ ನೆಟ್‌ವರ್ಕ್ ಇಲ್ಲ.

ಅವರು ಮೋದಕ ತಿಂದು ಮುಗಿಸಿ ವಾಪಸ್ ಬಂದ ಮೇಲೆ ಕಂಪನಿ ಕಡೆಯಿಂದ ಇಬ್ಬರು ಹುಡುಗರು ಬಂದ್ರು, ಒಬ್ಬ ಟೆರೇಸಿಗೆ ಹೋಗಿ ತೆಳ್ಳಗಿನ ಕಪ್ಪು ವಯರು ಇಳಿಸಿದ, ಇನ್ನೊಬ್ಬ ಹಾಲಲ್ಲಿ ನಿಂತು ಗೋಡೆ ನೋಡಿದ. ಎಸಿ ಪೈಪಿನ ತೂತಿಂದ ತರಬಹುದಲ್ವಾ ಅಂತ ನಾನು ಹೇಳುವಷ್ಟರಲ್ಲಿ ಡ್ರಿಲ್ಲು ಶುರು. ದೀಪಾವಳಿಗೆ ಅಂತ ಹೊಸದಾಗಿ ಪೈಂಟ್ ಹೊಡ್ಸಿದ ಗೋಡೆ ಅದು. ನಮ್ಮನೆಯವರು ಕಣ್ಣು ಮುಚ್ಚಿಕೊಂಡು ಬಾಲ್ಕನಿಗೆ ಹೋದ್ರು.

ಆಮೇಲಿನ ಕೆಲಸ ಮಾತ್ರ ನೋಡ್ಲಿಕ್ಕೆ ಭಾರಿ ಚಂದ. ಹುಡುಗ ಮೊದಲು ಫ್ಯಾನ್ ಆಫ್ ಮಾಡ್ಸಿದ. ವಯರಿನ ಸಿಪ್ಪೆ ಸುಲಿದು ಒಳಗಿನ ಗಾಜಿನ ಎಳೆ ತೆಗೆದ, ಮೇಲಿನ ಬಣ್ಣದ ಕೋಟಿಂಗ್ ಕೆರೆದ ಮೇಲೆ ಉಳಿಯುದು 125 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು, ಅದರಲ್ಲೂ ಬೆಳಕು ಓಡುವ ಜಾಗ ನಡುವಿನ ಒಂಬತ್ತು ಮೈಕ್ರಾನ್ ಮಾತ್ರ. ಸ್ಪಿರಿಟ್ ಹಾಕಿದ ಟಿಶ್ಯೂದಲ್ಲಿ ಎಳೆಯನ್ನು ಒರೆಸಿದ, ಕ್ಲೀವರಲ್ಲಿ ಇಟ್ಟು ಟಕ್ ಅಂತ ತುದಿ ಕತ್ತರಿಸಿದ, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮಿಷಿನಲ್ಲಿ ಎದುರುಬದುರು ಮಲಗಿಸಿದ. ಮಿಷಿನಿನ ಪುಟ್ಟ ಸ್ಕ್ರೀನಲ್ಲಿ ಅವು ಎರಡು ದೊಡ್ಡ ಪೈಪುಗಳ ಹಾಗೆ ಕಾಣ್ತವೆ, ತಾವಾಗಿಯೇ ಅತ್ತಿತ್ತ ಸರಿದು ನೇರ ಆಗ್ತವೆ, ಒಂದು ಕಿಡಿ, ಎರಡೂ ಒಂದಾದವು. ಮಳೆಗಾಲ ಕಳಿಲಿಕ್ಕೆ ಅಂತ ಉಡುಪಿಯಿಂದ ಬಂದು ಹಬ್ಬ ಆದ್ರೂ ಇಲ್ಲೇ ಉಳಿದ ನಮ್ಮಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡ್ತಿದ್ರು.

"ಇದರೊಳಗೆ ಬೆಳಕು ಬರುದಂತೆ, ಎಲ್ಲಿ, ಕಾಣುದೇ ಇಲ್ವಲ್ಲಾ!" ಅಂತ ತುದಿಯನ್ನು ಕಣ್ಣ ಹತ್ರ ತಂದ್ರು.

ಹುಡುಗ ಹೌಹಾರಿ "ಮಾಜೀ, ನಕೋ ನಕೋ!" ಅಂತ ಕಿತ್ಕೊಂಡ. ಅವನು ಹೇಳಿದ್ದು ಸರಿಯೇ, ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಕಾಣುದಿಲ್ಲ ಅಂತ ಇಣುಕ್ಲಿಕ್ಕೆ ಹೋಗ್ಬಾರ್ದು. ಆದ್ರೆ ಅವನೇ ಕತ್ತರಿಸಿದ ಗಾಜಿನ ತುಂಡುಗಳನ್ನು ನೆಲದಲ್ಲೇ ಬಿಟ್ಟಿದ್ದ. ಅಮ್ಮ ಸೆಲ್ಲೋಟೇಪ್ ತಂದು ಒಂದೊಂದಾಗಿ ಅಂಟಿಸಿ ತೆಗೆದ್ರು, ಬಾಯಲ್ಲಿ ತುಳುವಿನಲ್ಲಿ ಎಂತದೋ ಮಂತ್ರ, ಅದು ಮಂತ್ರ ಅಲ್ಲ ಅಂತ ನಮಗೆಲ್ಲ ಗೊತ್ತುಂಟು.

ಇಷ್ಟೆಲ್ಲ ಆಗಿ ಮಾಡೆಮ್ ಹಾಕಿದ್ರೆ ಎಲ್‌ಒಎಸ್ ಲೈಟು ಕೆಂಪು, ಅಂದ್ರೆ ಸಿಗ್ನಲ್ ಬರ್ತಾ ಇಲ್ಲ. ಗೋಡೆ ಹತ್ರ ಬೆಳಕಿನ ಬಲ ಅಳೆಯುವ ಮೀಟರ್ ಇಟ್ರೆ ಮೈನಸ್ 25 ಡಿಬಿಎಂ, ಅಂಚಿನಲ್ಲುಂಟು ಆದ್ರೂ ನಡೀತದೆ ಅಂದ, ಮೈನಸ್ 27 ದಾಟಿ ಕೆಳಗಿಳಿದ್ರೆ ಮಾಡೆಮ್ಮಿಗೆ ಕಷ್ಟ ಅಂತೆ. ಗೋಡೆಯಲ್ಲಿ ಸರಿ ಉಂಟು, ಮಾಡೆಮ್ಮಲ್ಲಿ ಇಲ್ಲ, ನಡುವೆ ಇರುದು ಪ್ಯಾಚ್ ಕಾರ್ಡ್ ಅನ್ನುವ ಗೇಣುದ್ದದ ವಯರು. ಅವರು ಮಾಡೆಮ್ ಬದಲಿಸಿದ್ರು, ಅಡಾಪ್ಟರ್ ಬದಲಿಸಿದ್ರು, ಮತ್ತೆ ಟೆರೇಸಿಗೆ ಹೋಗಿ ಬಂದ್ರು, ಅಮ್ಮ ಮತ್ತೊಂದು ರೌಂಡ್ ಚಾ ಮಾಡಿದ್ರು, ಕೊನೆಗೆ ಅವರ ಸೀನಿಯರ್ ಹೆಲ್ಮೆಟ್ಟನ್ನೂ ತೆಗಿಯದೆ ಒಳಗೆ ಬಂದು ಒಂದು ಸಲ ನೋಡಿ "ಅರೇ, ನೀಲಾ ಕೈಕೋ ಲಗಾಯಾ?" ಅಂದ, ನೀಲಿ ಯಾಕೆ ಹಾಕಿದ್ದು ಅಂತ. ಹಸಿರು ತಲೆಯ ಕಾರ್ಡಿನ ತುದಿಯನ್ನು ಎಂಟು ಡಿಗ್ರಿ ಓರೆಯಾಗಿ ಉಜ್ಜಿರ್ತಾರೆ, ನೀಲಿದ್ದು ಆ ಓರೆ ಇಲ್ಲದ್ದು. ಎರಡನ್ನೂ ಒಂದಕ್ಕೊಂದು ಚುಚ್ಚಿದ್ರೆ ಕೂತ ಹಾಗೆ ಕಾಣ್ತದೆ, ಆದ್ರೆ ನಡುವೆ ಸಂದು ಉಳಿದು ಬೆಳಕು ಸೋರಿ ಹೋಗ್ತದೆ. ಹಸಿರು ಹಾಕಿದ, ಕೆಂಪು ಆರಿ ಪಕ್ಕದ ಲೈಟೂ ಹಸಿರಾಯ್ತು. ಬ್ಯಾಗಿನ ಜಿಪ್ಪು ಹಾಕಿ ಹೊರಟ, ಚಾ ಕೂಡ ಬೇಡ ಅಂದ.

ಇನ್ನು ವಿಪಿಎನ್ ಕಥೆ, ಅಂದ್ರೆ ನಮ್ಮ ನೆಟ್ಟನ್ನು ಮುಚ್ಚಿ ಬೇರೆ ಕಡೆಯ ಸರ್ವರಿನ ದಾರಿಯಲ್ಲಿ ಕಳಿಸುವ ವ್ಯವಸ್ಥೆ. ಅಕ್ಕನ ಮಗ ವಿಲೆಪಾರ್ಲೆಯಲ್ಲಿ ಇಂಜಿನಿಯರಿಂಗ್ ಓದ್ತಾನೆ, ಶನಿವಾರ ಭಾನುವಾರ ನಮ್ಮಲ್ಲೇ ಊಟ. ಹೊಸ ರೌಟರ್ ನೋಡಿದ್ದೇ ತಡ, "ಚಿಕ್ಕಮ್ಮ, ಪ್ರೈವೆಸಿಗೆ ಒಳ್ಳೇದು, ಇಡೀ ಮನೆಗೇ ವಿಪಿಎನ್ ಹಾಕ್ತೇನೆ" ಅಂದ. ನಾನು ಆಫೀಸ್ ಕಾಲಲ್ಲಿದ್ದೆ, ತಲೆ ಅಲ್ಲಾಡಿಸಿದ್ದೆ, ಅದು ಕಾಲಲ್ಲಿದ್ದ ಮ್ಯಾನೇಜರಿಗೆ ಅಲ್ಲಾಡಿಸಿದ್ದು.

ಸಂಜೆ ಅಮ್ಮ ಟಿವಿ ಹಾಕಿದ್ರೆ ಅವರ ಕನ್ನಡ ಸೀರಿಯಲ್ಲಿನ ಆ್ಯಪ್ ಹೇಳ್ತದೆ, ಈ ಕಾರ್ಯಕ್ರಮ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಸೊಸೆಗೆ ವಿಷ ಹಾಕುವ ಎಪಿಸೋಡು ಬೇರೆ. ಯೂಟ್ಯೂಬಲ್ಲಿ ಯಕ್ಷಗಾನ ಹಾಕಿದ್ರೆ ನಡುವೆ ಬಿಳಿ ಕೂದಲಿನ ಗಂಡ ಹೆಂಡತಿ ಸೈಕಲ್ ಹೊಡಿತಾ ಯಾವುದೋ ಭಾಷೆಯಲ್ಲಿ ಇನ್ಶೂರೆನ್ಸ್ ಮಾರ್ತಿದ್ದಾರೆ, ಭಾಗವತರು ಅಲ್ಲಲ್ಲಿ ತಡವರಿಸ್ತಾರೆ. ಬ್ಯಾಂಕಿನ ಆ್ಯಪ್ ಒಳಗೇ ಬಿಡುದಿಲ್ಲ, ನೀವು ಹೊಸ ಜಾಗದಿಂದ ಲಾಗಿನ್ ಆಗ್ತಿದ್ದೀರಿ, ಆ್ಯಮ್‌ಸ್ಟರ್‌ಡ್ಯಾಮ್, ನೆದರ್‌ಲ್ಯಾಂಡ್ಸ್.

"ನಾನು ಗೇಟಿನ ತನಕ ಹೋಗ್ದೆ ಎಂಟು ದಿನ ಆಯ್ತು, ಮಂಡಿ ನೋವು ಅಂತ ಹೇಳು ಅದಕ್ಕೆ" ಅಂದ್ರು ಅಮ್ಮ.

ಹುಡುಗ ವಿವರಿಸಿದ, ವಿಪಿಎನ್ ಹಾಕಿದ್ರೆ ನಮ್ಮ ಮನೆಯಿಂದ ಹೊರಡುದನ್ನೆಲ್ಲ ಒಂದು ಲಕೋಟೆಯೊಳಗೆ ಹಾಕಿ ಮುಚ್ಚಿ ಅಲ್ಲಿಗೆ ಕಳಿಸ್ತದೆ, ಅಲ್ಲಿ ಬಿಚ್ಚಿ ಮುಂದೆ ಕಳಿಸ್ತಾರೆ, ಹಾಗಾಗಿ ಹೊರಗಿನವರಿಗೆ ಕಾಣುದು ಅಲ್ಲಿಯ ವಿಳಾಸ. ಅಂದ್ರೆ ಕುಂದಾಪುರದಲ್ಲಿ ಆದ ಆಟ ನೋಡ್ಲಿಕ್ಕೆ ನಮ್ಮ ಅಂಧೇರಿಯ ಬೆಳಕು ಸಮುದ್ರಕ್ಕೆ ಇಳಿದು, ಯುರೋಪಿಗೆ ಹೋಗಿ, ಅಲ್ಲಿಂದ ಯಕ್ಷಗಾನ ಹೊತ್ಕೊಂಡು ಬರ್ತಿತ್ತು. ಹಾಗಾದ್ರೆ ಇಂಡಿಯಾ ಅಂತಲೇ ಇಡು ಮಾರಾಯ ಅಂದೆ. ಅಲ್ಲೂ ಒಂದು ಗಮ್ಮತ್ತು. 2022ರಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರಕಾರದ ಸರ್ಟ್-ಇನ್ ಸಂಸ್ಥೆ ವಿಪಿಎನ್ ಕಂಪನಿಗಳಿಗೆ ಗ್ರಾಹಕರ ಹೆಸರು ವಿವರ ಐದು ವರ್ಷ ಇಟ್ಕೊಳ್ಬೇಕು ಅಂತ ನಿಯಮ ಮಾಡಿದ ಮೇಲೆ ದೊಡ್ಡ ದೊಡ್ಡವರು ಇಲ್ಲಿಯ ಸರ್ವರ್ ಎತ್ತಿಕೊಂಡು ಹೋದ್ರು, ಲಿಸ್ಟಲ್ಲಿ ಇಂಡಿಯಾ ಅಂತ ಕಂಡ್ರೂ ಮಿಷಿನು ಸಿಂಗಾಪುರದಲ್ಲೋ ಎಲ್ಲೋ ಇರ್ತದೆ. ಭಾರತದಲ್ಲಿ ಇರ್ಲಿಕ್ಕೆ ಅಮ್ಮ ಸಿಂಗಾಪುರಕ್ಕೆ ಹೋಗ್ಬೇಕು!

ಪ್ರೈವೆಸಿ ಅಂತ ಅವನು ಹೇಳಿದ್ದೂ ನನಗೆ ಅಷ್ಟಕ್ಕಷ್ಟೆ. ಇಲ್ಲಿಯ ಕಂಪನಿ ನೋಡುದು ಬೇಡ ಅಂತ ಮುಚ್ಚಿದ್ದನ್ನು ಆ ಕಡೆಯ ಕಂಪನಿ ಕೈಗೆ ಕೊಟ್ಟ ಹಾಗಾಯ್ತು, ಅವರು ಯಾರೋ ಎಂತದೋ. ಹಾಗೆ ನೋಡಿದ್ರೆ ನಮ್ಮ ಫ್ಲೋರಲ್ಲಿ ಪ್ರೈವೆಸಿಗೆ ಅಪಾಯ ಇರುದು ನೆಟ್ಟಿಂದಲ್ಲ, ಎದುರು ಮನೆಯ ಕಾಕೂ ಅವರಿಂದ, ಅವರಿಗೆ ಎನ್‌ಕ್ರಿಪ್ಷನ್ ನಡಿಯುದಿಲ್ಲ.

"ಅಮ್ಮಮ್ಮ, ಸಾರಿ, ತೆಗಿತೇನೆ" ಅಂತ ಹುಡುಗ ರೌಟರಿಂದ ತೆಗೆದು ತನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಇಟ್ಕೊಂಡ. ಸೊಸೆ ವಿಷ ಕುಡಿಯದೆ ಪಾರಾದಳು, ಗ್ಲಾಸು ಅದಲುಬದಲು ಆಗಿತ್ತಂತೆ. ಈಗ ಟಿವಿಯಲ್ಲಿ ಚಕ್ರ ತಿರುಗ್ಲಿಕ್ಕೆ ಶುರುವಾದ್ರೆ ಅಮ್ಮ ಮೊದಲು ಅವನಿಗೇ ಫೋನ್ ಮಾಡುದು, "ಈಗ ಯಾವ ಊರಲ್ಲಿದ್ದೇವೆ ಮಾರಾಯಾ?" ಮೊನ್ನೆ ಹಾಗೆ ಕೇಳಿದಾಗ ಯಾವ ಊರಲ್ಲೂ ಇರ್ಲಿಲ್ಲ, ಎಲ್‌ಒಎಸ್ ಕೆಂಪು, ಟೆರೇಸಿನ ವಾಟರ್‌ಪ್ರೂಫಿಂಗಿನವರು ಅಡ್ಡ ಬಂದ ವಯರುಗಳನ್ನೆಲ್ಲ ಕತ್ತರಿಸಿ ನೀಟಾಗಿ ಸುತ್ತಿ ಮೂಲೆಗಿಟ್ಟಿದ್ರು. ಕಂಪ್ಲೇಂಟ್ ಹಾಕಿ ಆಗಿದೆ. ಕಂಪನಿಯ ಹುಡುಗ ಗೇಟಲ್ಲೇ ಇದ್ದಾನಂತೆ, ಡಕ್ಟಿನ ಚಾವಿ ಯಾರ ಹತ್ರ ಅಂತ ಕೇಳ್ತಿದ್ದಾನೆ.